ಹಡಗಿಗೆ ಗಾಲಿ ಎಲ್ಲಿ?

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಟಿಕೆಟ್ ಅಂಗಡಿ ಇದೆ. ಅಲ್ಲಿ ಕೂತವನು ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ, ನಗುವಂಥದ್ದು ತಾನೇ ಮೆಟ್ಟಿಲು ಹತ್ತಿ ಬರುತ್ತದೆ. ಆದರೆ ಕೂಡುವುದೇ ನನ್ನ ಕಷ್ಟ. ಪುಣೆಗೆ, ಹೈದರಾಬಾದಿಗೆ, ಕಾಶಿಗೆ ಊರಿನ ಮಂದಿಯನ್ನೆಲ್ಲ ಕಳಿಸಿ ನಾನು ಮಾತ್ರ ಸ್ಟೂಲಿನ ಮೇಲೆ ಕಾಲು ಅಲ್ಲಾಡಿಸುತ್ತಾ ಉಳಿದವನು. ಹಾರ್ನ್ ಕೇಳಿದರೆ ಸಾಕು, ಎದ್ದು ನಿಲ್ಲುತ್ತೇನೆ. ಸಮುದ್ರವನ್ನಂತೂ ಫೋನಿನಲ್ಲಿ ಬಿಟ್ಟು ಎಲ್ಲೂ ನೋಡಿರಲಿಲ್ಲ.

ಹೋದ ವರ್ಷ ಮುಂಬೈನ ಒಬ್ಬ ಏಜೆಂಟ್ ಫೋನ್ ಮಾಡಿ, ಕ್ರೂಸ್ ಹಡಗಿನ ಟಿಕೆಟ್ ಮಾರುತ್ತೀರಾ ಎಂದು ಕೇಳಿದ. ಒಂದು ಬಸ್ಸಿನಷ್ಟು ಜನರನ್ನು ಕೂಡಿಸಿದರೆ ಅವರನ್ನು ನೋಡಿಕೊಳ್ಳಲು ನಾನೂ ಹಡಗು ಹತ್ತಬಹುದು. ಅವತ್ತಿನಿಂದ ನನಗೆ ಸ್ಟೂಲು ಚುಚ್ಚತೊಡಗಿತು. ಹಡಗು ಎರಡಿದ್ದವು. ದೊಡ್ಡದರಲ್ಲಿ ನಾಟಕಶಾಲೆ, ನೀರಿನ ಜಾರುಬಂಡಿ, ಹಾಡು, ಗದ್ದಲ. ಸಣ್ಣದರಲ್ಲಿ ಶಾಂತಿ, ಸಸ್ಯಾಹಾರಕ್ಕೆ ಬೇರೆ ಅಡುಗೆಮನೆ. ಯಾವುದಾದರೂ ಸರಿ, ಯಾರಾದರೂ ಹತ್ತಿದರೆ ಸಾಕಿತ್ತು ನನಗೆ.

ನಡುವಿನ ಸೀಟು

ಮೊದಲು ಬಂದವರು ರಿಟೈರ್ ಆದ ಮಾಸ್ತರರು. ಎರಡೂ ಹಡಗಿನ ಫೋಟೊ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಎರಡು ಗಾಲಿ ನಡುವಿನ ಸೀಟ್ ಯಾವುದರಾಗ ಖಾಲಿ ಅದ?" ಎಂದರು.

"ಮಾಸ್ತರ್ರ, ಹಡಗಿಗಿ ಗಾಲಿ ಎಲ್ಲೀವ್ರಿ? ಅದು ಸೀಟೂ ಅಲ್ರಿ, ರೂಮು."

"ಗಾಲಿ ಇರ್ಲಿ ಬಿಡ್ಲಿ, ಹಿಂದ ಕುಂತಾಂವ ಜಿಗೀತಾನ. ನನಗ ನಡುವಿನ ರೂಮ್ ಹಾಕು."

ನಾನು ನಗು ತಡೆದುಕೊಂಡು ಹೂಂ ಎಂದೆ. ಅವರಿಗೆ ಇನ್ನೂ ಅನುಮಾನ.

"ಹಾದ್ಯಾಗ ಮಂದೀನ ಹತ್ತಿಸ್ಕೊಳ್ಳಂಗಿಲ್ಲಲ್ಲ?"

"ಸಮುದ್ರದಾಗ ಯಾರು ಕೈ ಮಾಡ್ತಾರ್ರಿ?"

"ಮೊದಲು ಎಲ್ಲಾರೂ ಹಿಂಗ ಅಂತೀರಿ. ಮನ್ನಾಏಖೇಳ್ಳಿ ಸ್ಟಾಪ್ ಬಂತಂದ್ರ ನಡುವ ಸ್ಟೂಲ್ ಹಾಕ್ತೀರಿ."

ನಿಲ್ಲದ ಊಟ

ಹುಮನಾಬಾದಿನಲ್ಲಿ ಒಬ್ಬ ತೊಗರಿ ಸಾಹುಕಾರರಿದ್ದಾರೆ. ಅಣ್ಣತಮ್ಮಂದಿರು, ಬೀಗರು, ಮಕ್ಕಳು ಎಲ್ಲ ಸೇರಿದರೆ ಅವರ ಮನೆಯವರೇ ಒಂದು ಬಸ್ಸು. ಆದರೆ ಹೂಂ ಅನ್ನಬೇಕಾದವರು ಸಾಹುಕಾರರಲ್ಲ, ಅವರ ಹೆಂಡತಿ ಅಕ್ಕಾವರು. ಅಂಗಡಿಗೆ ಬೀಗ ಹಾಕಿ ಬೈಕ್ ಹತ್ತಿ ಹೋದೆ.

ಅಕ್ಕಾವರ ಮುಂದೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. "ಹಗಲೂ ರಾತ್ರಿ ಊಟ ಇರ್ತದ್ರಿ ಅಕ್ಕಾರ. ಯಾವಾಗ ಬೇಕಾದ್ರೂ ಹೋಗಿ ಉಣ್ಣಬಹುದು."

ಅವರ ಮುಖ ಇಳಿಯಿತು. "ನೋಡು ತಮ್ಮಾ, ಹಗಲೂ ರಾತ್ರಿ ಉಣ್ಣಸಾಕತ್ತಾರಂದ್ರ ಆ ಊಟ ಹೊಟ್ಯಾಗ ನಿಂದ್ರಂಗಿಲ್ಲಂತ ಅರ್ಥ. ನಮ್ಮ ರೊಟ್ಟಿ ಮುಂಜಾನಿ ಉಂಡಾಂವ ಸಂಜೀತನಕ ಊಟ ಕೇಳ್ಯಾನೇನು?"

ಸಾಹುಕಾರರು ಹೌದೆಂದು ತಲೆಯಾಡಿಸಿದರು. ಕಡಕ್ ರೊಟ್ಟಿಗೆಂದೇ ಬೇರೆ ಸೂಟ್‌ಕೇಸ್ ಒಯ್ಯುವುದು ಅವತ್ತೇ ಪಕ್ಕಾ ಆಯಿತು. ಹಡಗಿಗೆ ಹೋಗುವುದು ಮಾತ್ರ ಆಗಲಿಲ್ಲ.

ತುಂಬಿಟ್ಟ ನೀರು

ನಾನು ಬಿಡುವ ಆಸಾಮಿಯಲ್ಲ. ಮರುದಿನ ಮತ್ತೆ ಹೋದೆ. ದೊಡ್ಡ ಹಡಗಿನ ನಾಟಕಶಾಲೆ ತೋರಿಸಿದೆ, ಸಣ್ಣ ಹಡಗಿನ ಅಡುಗೆಮನೆ ತೋರಿಸಿದೆ. ಅಕ್ಕಾವರು ಆಕಳಿಸಿದರು. ಕೊನೆಗೆ ಹಡಗಿನ ತುದಿಯ ಈಜುಕೊಳದ ಫೋಟೊ ಬಂತು.

"ಸುತ್ತೂ ಕಡಿ ನೀರದ. ಮ್ಯಾಲ ಮತ್ತ ಈ ಹೊಂಡ ಯಾಕ?" ಎಂದರು.

ನಾನು ಬಾಯಿ ತೆರೆಯುವುದರೊಳಗೆ ಅವರಿಗೇ ಹೊಳೆಯಿತು. "ಓಹೋ, ತುಂಬಿ ಇಟ್ಟಾರ! ಶಾಣ್ಯಾ ಮಂದಿ. ನಮ್ಮ ಓಣ್ಯಾಗೂ ನಳ ಯಾವತ್ತು ಬರ್ತದಂತ ಯಾರಿಗಿ ಗೊತ್ತು? ಯಾವ ಹಡಗಿನ ಹೊಂಡ ದೊಡ್ಡದು?"

"ದೊಡ್ಡ ಹಡಗಿಂದ್ರಿ."

"ಅದ ಇರ್ಲಿ."

ಖುಷಿಯಲ್ಲಿ ಬೈಕ್ ಓಡಿಸುತ್ತಾ ಬಂದೆ. ಬಸವಕಲ್ಯಾಣದ ಕ್ರಾಸ್ ಯಾವಾಗ ದಾಟಿತೋ ತಿಳಿಯಲಿಲ್ಲ. ಚಹಾಕ್ಕೆ ನಿಲ್ಲಿಸಿದರೆ ಅಂಗಡಿಯವನು ಮರಾಠಿಯಲ್ಲಿ ಸಕ್ಕರೆ ಎಷ್ಟು ಎಂದು ಕೇಳಿದ.

ಲಿಂಬೆಹಣ್ಣು

ಹೊರಡುವ ದಿನ ಅಕ್ಕಾವರು ಹುಮನಾಬಾದಿನಲ್ಲಿ ಬಸ್ಸಿಗೆ ಕಾಯಿ ಒಡೆದು, ಪ್ರತಿ ಗಾಲಿಯ ಕೆಳಗೂ ಒಂದು ಲಿಂಬೆಹಣ್ಣು ಇಟ್ಟರು. ಮಾಸ್ತರರು ಆಗಲೇ ನಡುವಿನ ಸೀಟು ಹಿಡಿದು ಕೂತಿದ್ದರು. ಡ್ರೈವರ್ ಅವನ್ನು ಪಟಪಟ ಒಡೆಸಿಕೊಂಡು ಹೊರಟ. ಉಳಿದ ಲಿಂಬೆಹಣ್ಣಿನ ಚೀಲ ಅಕ್ಕಾವರ ಕಂಕುಳಲ್ಲೇ ಇತ್ತು. ಯಾಕೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಮುಂಬೈ ಬಂದರಿನಲ್ಲಿ ಗೊತ್ತಾಯಿತು. ಎದುರಿಗೆ ಏಳೆಂಟು ಮಾಳಿಗೆಯ ಹಡಗು. ಅಕ್ಕಾವರು ಅದನ್ನು ಮೇಲಿಂದ ಕೆಳಗೆ ನೋಡಿದರು.

"ಗಾಲಿ ಎಲ್ಲವ?"

"ಹಡಗಿಗಿ ಗಾಲಿ ಇರಂಗಿಲ್ರಿ ಅಕ್ಕಾರ."

"ಲಿಂಬಿಹಣ್ಣು ಒಡೀದ ನಾ ಯಾವ ಗಾಡೀನೂ ಹತ್ತಿಲ್ಲ," ಎಂದು ರೊಟ್ಟಿಯ ಸೂಟ್‌ಕೇಸಿನ ಮೇಲೆ ಕೂತುಬಿಟ್ಟರು. ಅವರು ಕೂತದ್ದೇ ತಡ, ಸಾಹುಕಾರರು, ಅಣ್ಣತಮ್ಮಂದಿರು, ಬೀಗರು ಎಲ್ಲ ತಮ್ಮ ತಮ್ಮ ಸೂಟ್‌ಕೇಸಿನ ಮೇಲೆ ಕೂತರು. ಹಡಗಿನವರು ಜಲ್ದಿ ಜಲ್ದಿ ಎಂದು ಕೂಗುತ್ತಿದ್ದರು. ಹಡಗಿನ ಆಚೆಯಿಂದ ಸಮುದ್ರದ ವಾಸನೆ ಬರುತ್ತಿತ್ತು, ಆದರೆ ಹಡಗೇ ಅಡ್ಡವಾಗಿ ಸಮುದ್ರ ಕಾಣುತ್ತಿರಲಿಲ್ಲ. ಇಷ್ಟು ದೂರ ಬಂದು ಹಿಂದಕ್ಕೆ ಹೋಗಬೇಕೇ ಎಂದು ನನಗೆ ನಿಜವಾಗಿ ಅಳು ಬಂತು.

ಅಷ್ಟರಲ್ಲಿ ಅಕ್ಕಾವರು ಕೂತಿದ್ದ ಸೂಟ್‌ಕೇಸ್ ಒಂದಿಷ್ಟು ಮುಂದಕ್ಕೆ ಜಾರಿತು.

"ಅಕ್ಕಾರ," ಎಂದು ಕಿರುಚಿದೆ, "ಹಡಗಿನೊಳಗ ಹೋಗೂ ಗಾಲಿ ಇವ ಅವಲ್ರಿ!"

ಅಕ್ಕಾವರು ಬಗ್ಗಿ ನೋಡಿದರು, ಒಪ್ಪಿದರು. ಸೂಟ್‌ಕೇಸಿಗೊಂದು ಲಿಂಬೆಹಣ್ಣು, ಎಲ್ಲರೂ ಸಾಲಾಗಿ ಎಳೆದರು. ಹಿಂದೆ ನಿಂತಿದ್ದ ಅಪರಿಚಿತರೊಬ್ಬರು ಇದು ಹಡಗಿನ ಕಾನೂನೆಂದು ತಿಳಿದು, ಲಿಂಬೆಹಣ್ಣು ಎಲ್ಲಿ ಕೊಡುತ್ತಾರೆ ಎಂದು ಹಿಂದಿಯಲ್ಲಿ ವಿಚಾರಿಸಿದರು. ತಪಾಸಣೆಯವನು ರೊಟ್ಟಿಯೊಂದನ್ನು ಮುರಿದು ನೋಡಿ, ಪಾಪಡ್ ಎಂದುಕೊಂಡು ಒಳಗೆ ಬಿಟ್ಟ.

ನನಗೆ ಕೊಟ್ಟದ್ದು ಹಡಗಿನ ಹಿಂದುಗಡೆಯ ಕೊನೆಯ ರೂಮು. ಕಿಟಕಿ ಇಲ್ಲ. ಬ್ಯಾಗ್ ಇಟ್ಟು ಸಮುದ್ರ ನೋಡಲು ಮೇಲೆ ಓಡಬೇಕು ಅನ್ನುವಷ್ಟರಲ್ಲಿ ಹಡಗು ಹೊರಟಿತು, ಅದರ ಜೊತೆ ನನ್ನ ಹೊಟ್ಟೆಯೂ ಹೊರಟಿತು. ಜೀವಮಾನದಲ್ಲಿ ಒಂದು ಕಡೆ ಕೂಡಲಾಗದ ನಾನು ಮುಂಬೈಗೆ ವಾಪಸ್ ಬರುವತನಕ ಹಾಸಿಗೆ ಬಿಟ್ಟು ಏಳಲಿಲ್ಲ. ಅಕ್ಕಾವರು ದಿನಾ ಬಂದು ಒಂದು ಚೂರು ರೊಟ್ಟಿ ತಿನ್ನಿಸಿ, "ಇದೊಂದರ ನಿಂದ್ರತದ ನೋಡು," ಎನ್ನುತ್ತಿದ್ದರು. ನಿಲ್ಲುತ್ತಿರಲಿಲ್ಲ.

ಕೊನೆಯ ದಿನ ಮಾಸ್ತರರು ಬಂದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಕೈಯಲ್ಲಿ ಚಹಾ. ಬಾಗಿಲಿಗೆ ಒರಗಿ ನನ್ನನ್ನೇ ನೋಡಿದರು.

"ನಾ ಏನ್ ಹೇಳಿದ್ದೆ?"

"ಹಿಂದ ಕುಂತಾಂವ ಜಿಗೀತಾನಂತ ಹೇಳಿದ್ರಿ," ಎಂದೆ ಮಲಗಿದಲ್ಲಿಂದಲೇ. ಆಸೆ ತಡೆಯಲಾಗದೆ ಕೇಳಿದೆ, "ಮಾಸ್ತರ್ರ, ಸಮುದ್ರ ಹ್ಯಾಂಗದರಿ?"

ಮಾಸ್ತರರು ಚಹಾ ಗುಟುಕರಿಸಿದರು.

"ಛಲೋ ಅದ. ನಡುವ ಯಾರನ್ನೂ ಹತ್ತಿಸ್ಕೊಂಡಿಲ್ಲ."