ಆಮೇಲಪ್ಪನ ವೆಬ್‌ಸೈಟು

ಬಾಣಲೆಯ ತಳದ ಮಸಿ ಅರ್ಧ ಹೋಗಿತ್ತು; ಇನ್ನರ್ಧ ಹಟ ಹಿಡಿದು ಕೂತಿತ್ತು. ಆಮೇಲಪ್ಪ ಎಡಗೈಯಲ್ಲಿ ಬಾಣಲೆ ಉಜ್ಜುತ್ತ, ಬಲಗೈಯ ನೊರೆ ಹತ್ತದ ಒಂದೇ ಬೆರಳಿನಿಂದ, ಅಡುಗೆ ಕಟ್ಟೆಯ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ತಾನು ಕೆಲಸ ಮಾಡುವ ಕಾರ್ಖಾನೆಯ ಯಜಮಾನಿಯ ಫೋಟೋವನ್ನು ಮೆಲ್ಲಗೆ ಮೂಲೆಗೆ ಎಳೆಯುತ್ತಿದ್ದ.

"ರೀ, ಇವತ್ತಾದ್ರೂ ಆ ಪತ್ರ ಕಳಿಸ್ತೀರೋ ಇಲ್ವೋ?" ಒಳಗಿನಿಂದ ಹೆಂಡತಿ ಕೂಗಿದಳು.

ಅವನು ಬೆಚ್ಚಿಬಿದ್ದ. ನೊರೆಯ ಒಂದು ಮುದ್ದೆ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಗಾಬರಿಯಲ್ಲಿ ಅಂಗೈಯಿಂದ ಒರೆಸಿದ. ಯಾವುದು ಒತ್ತಿತೋ, ಎಲ್ಲಿ ಒತ್ತಿತೋ, ಪರದೆಯ ಅಂಚಿನಲ್ಲಿದ್ದ ಗೆರೆ, ಚೌಕ, ಗುಂಡಿಗಳೆಲ್ಲ ಒಟ್ಟಿಗೆ ಮಾಯವಾದವು. ಬಣ್ಣದ ಕಾಗದದ ಚೂರುಗಳು ಮೇಲಿನಿಂದ ಉದುರಿದವು. "ಅಭಿನಂದನೆ! ನಿಮ್ಮ ವೆಬ್‌ಸೈಟ್ ನೋಡಲು ಸಿದ್ಧ!" ಎಂಬ ಅಕ್ಷರಗಳು ಕುಣಿದು ಮರೆಯಾದವು. ಉಳಿದದ್ದು ಅವನು ಕಟ್ಟಿದ ಪುಟ. ಪರದೆ ತುಂಬ, ಕಂಪನಿಯ ಹೆಸರು ಹೊತ್ತು, ಮದುವೆಗೆ ಹೊರಟಂತೆ ನಿಂತಿತ್ತು.

ಆಮೇಲಪ್ಪ ಲ್ಯಾಪ್‌ಟಾಪನ್ನು ಫಟ್ಟನೆ ಮುಚ್ಚಿ ಮತ್ತೆ ತೆರೆದ; ಪುಟ ಅಲ್ಲೇ ಇತ್ತು.

ಆಮೇಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬ್ರಷ್ ಕಾರ್ಖಾನೆಯಲ್ಲಿ ಪತ್ರ ಬರೆಯುವ ಗುಮಾಸ್ತನಾದ ಅವನು, ಯಾರು ಏನು ಕೇಳಿದರೂ, "ಆಮೇಲೆ ನೋಡೋಣ" ಅನ್ನುತ್ತಿದ್ದುದರಿಂದ ಅಂಟಿಕೊಂಡದ್ದು. ಮೊದಲು ಹೀಗಿರಲಿಲ್ಲ. ಒಮ್ಮೆ ಬ್ರಷ್ಷಿನ ಕೂದಲು ಕೂರಿಸುವ ಅಂಟನ್ನು ಇವನೇ ಧೈರ್ಯವಾಗಿ ಆರಿಸಿದ್ದ. ಆ ಸಲದ ಬ್ರಷ್ಷುಗಳಲ್ಲಿ ಬಣ್ಣ ಬಳಿದ ಗೋಡೆಗಳಿಗೆಲ್ಲ ಮೀಸೆ ಬಂದವು. ಅಂದಿನಿಂದ ಆರಿಸುವುದು ಎಂದರೆ ಅವನಿಗೆ ಆಗದು. ಅಂಗಡಿಯಲ್ಲಿ ಎರಡು ಬಗೆಯ ಸಾಬೂನಿದ್ದರೆ ಸ್ನಾನವನ್ನೇ ಮುಂದೂಡುವವನು.

ಅಂಥವನಿಗೆ ಯಜಮಾನಿಯವರು ಮೂರು ಸಾಫ್ಟ್‌ವೇರ್ ತೋರಿಸಿ, "ಕೋಡ್ ಗೀಡ್ ಬರೆಯೋದು ಬೇಡ, ಚಿತ್ರ ಎಳೆದು ಕೂರಿಸಿದ್ರೆ ವೆಬ್‌ಸೈಟ್ ಆಗುತ್ತಂತೆ. ಮೂರನ್ನೂ ಬಳಸಿ ನೋಡಿ, ಯಾವುದು ತಗೊಳ್ಳೋಣ ಅಂತ ಪತ್ರ ಬರೀರಿ" ಎಂದಿದ್ದರು. ತಿಂಗಳುಗಳು ಕಳೆದವು. ಮೊದಲನೆಯದು ಇಡ್ಲಿ ತಟ್ಟೆಯ ಹಾಗೆ, ಅಚ್ಚು ಸಿದ್ಧವಿತ್ತು, ಹಿಟ್ಟು ಹುಯ್ದರಾಯಿತು. ಎರಡನೆಯದು ಏನು ಮಾಡುವ ಮೊದಲೂ "ಖಂಡಿತವೇ?" ಎಂದು ಕೇಳುತ್ತಿತ್ತು, ಅದನ್ನು ಕೇಳಿದ ಕೂಡಲೇ ಇವನ ಖಂಡಿತ ಕರಗುತ್ತಿತ್ತು. ಮೂರನೆಯದರಲ್ಲಿ ಏನನ್ನು ಎಲ್ಲಿ ಬೇಕಾದರೂ ಎಳೆಯಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಕಳೆದ ವಾರ ಯಜಮಾನಿ ಕೊನೆಯ ಮಾತು ಹೇಳಿದ್ದರು: "ಶುಕ್ರವಾರ ಸಂಜೆಯೊಳಗೆ ಪತ್ರ ಬರದಿದ್ರೆ, ಸೋಮವಾರ ನೀವೂ ಬರಬೇಡಿ."

ಇವತ್ತು ಶುಕ್ರವಾರ.

ಪತ್ರವಂತೂ ಬರೆದಿರಲಿಲ್ಲ. ಬರೆದದ್ದು ಬೇರೆ. ಆ ಮೂರನೆಯದರಲ್ಲಿ "ನಮ್ಮ ಬಳಗ" ಎಂಬ ಪುಟ ಮಾಡಿ, ಫೋಟೋಗಳ ಕೆಳಗೆ ಏನಾದರೂ ತುಂಬಿಸಬೇಕಲ್ಲ ಎಂದು, ಹೆಂಡತಿಯನ್ನು ನಗಿಸಲು ಬರೆದದ್ದು. ಯಜಮಾನಿಯವರ ಕೆಳಗೆ: "ತಂತಿ ಬ್ರಷ್. ತುಕ್ಕಿನ ಜೊತೆ ಚರ್ಮವನ್ನೂ ತೆಗೆಯುತ್ತದೆ." ಸ್ಟೋರು ನೋಡಿಕೊಳ್ಳುವ, ಕಾರ್ಖಾನೆಯವರೆಲ್ಲ ಮಾವ ಎಂದೇ ಕರೆಯುವ ಹಿರಿಯರ ಕೆಳಗೆ: "ಬಾಟಲಿ ಬ್ರಷ್. ನಡು ದಪ್ಪ, ಒಳಗೆ ಹೋದರೆ ಹೊರಗೆ ಬರುವುದು ಕಷ್ಟ." ಲೆಕ್ಕ ಬರೆಯುವ ಅಕ್ಕನ ಕೆಳಗೆ: "ಬೂಟು ಬ್ರಷ್. ಯಜಮಾನಿಯವರ ಕಾಲಿನ ಹತ್ತಿರ ಮಾತ್ರ ಹೊಳಪು ಬರಿಸುತ್ತದೆ."

"ಏ, ಇಲ್ಲಿ ಬಾರೇ! ಹೋಯ್ತು! ಎಲ್ಲಾ ಹೋಯ್ತು!"

ಹೆಂಡತಿ ಬಂದು ನೋಡಿದಳು. "ಬಾಣಲೆ ಇಲ್ಲೇ ಇದೆಯಲ್ರೀ."

"ಬಾಣಲೆ ಅಲ್ವೇ! ಈ ಪುಟ ಪ್ರಪಂಚಕ್ಕೆಲ್ಲ ಹೋಗಿಬಿಡ್ತು!"

ಅವಳು ತನ್ನ ಫೋನಿನಲ್ಲಿ ಹುಡುಕಿದಳು. "ಇಲ್ಲೇನೂ ಕಾಣ್ತಿಲ್ಲ."

ಅಷ್ಟರಲ್ಲಿ, ಕೂಗು ಕೇಳಿಸಿದರೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿ ಬರುವ ಮೇಲಿನ ಮನೆಯ ನಿವೃತ್ತ ವಕೀಲರು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡು, ಪುಟವನ್ನು ಎರಡು ಸಲ ಓದಿ, ಎರಡನೇ ಸಲ ಮಾತ್ರ ನಗು ತಡೆದುಕೊಂಡು, ಗಂಭೀರವಾದರು.

"ನಿಮ್ಮ ಫೋನಲ್ಲಿ ಕಾಣ್ತಿಲ್ಲ ಅಂದ್ರೆ ಇನ್ನೂ ಅಪಾಯ ಕಣಪ್ಪಾ. ಅದು ಮೊದಲು ದೂರದ ದೇಶಗಳಿಗೆ ಹೋಗುತ್ತೆ. ಅಲ್ಲೆಲ್ಲ ಸುತ್ತಾಡ್ಕೊಂಡು ಸಂಜೆ ಹೊತ್ತಿಗೆ ಇಲ್ಲಿಗೆ ಬರುತ್ತೆ."

"ಹಾಗಾ ಸಾರ್?"

"ಮತ್ತೆ? ಇದು ಮಾನನಷ್ಟ. ಮೂರು ಜನ, ಮೂರು ಕೇಸು. ನನ್ನ ಮಾತು ಕೇಳು. ಅವರು ಓದೋ ಮೊದಲು ನೀನೇ ಹೋಗಿ ಒಪ್ಕೊಂಡುಬಿಡು. ತಾನಾಗಿ ಒಪ್ಕೊಂಡವನಿಗೆ ಕೋರ್ಟು ಕೂಡ ಸ್ವಲ್ಪ ಕರಗುತ್ತೆ."

"ಯಾರಿಗೂ ಏನೂ ಹೇಳ್ಬೇಡಿ, ಸುಮ್ಮನೆ ಪತ್ರ ಬರೆದು ಕಳಿಸಿ" ಎಂದಳು ಹೆಂಡತಿ.

ಆಮೇಲಪ್ಪ ಇಬ್ಬರ ಮುಖವನ್ನೂ ನೋಡಿದ. ಎರಡರಲ್ಲಿ ಒಂದನ್ನು ಆರಿಸಬೇಕು. ಕೊನೆಗೆ, ಜೋರಾಗಿ ಮಾತಾಡಿದವರೇ ಸರಿಯಿರಬೇಕೆಂದುಕೊಂಡು, ವಕೀಲರ ಮಾತು ಹಿಡಿದು ಹೊರಟ.

ದಾರಿಯುದ್ದಕ್ಕೂ ಫೋನು ಹಿಡಿದವರೆಲ್ಲ ತನ್ನ ಪುಟವನ್ನೇ ಓದುತ್ತಿದ್ದಾರೆ ಅನ್ನಿಸಿತು. ಬಸ್ಸಿನಲ್ಲಿ ಒಬ್ಬಳು ಫೋನು ನೋಡಿ ಫಕ್ಕನೆ ನಕ್ಕಳು. ಇವನು ಒಂದು ನಿಲ್ದಾಣ ಮೊದಲೇ ಇಳಿದು, ಗೋಡೆ ಹಿಡಿದು ನಡೆದ.

ಸ್ಟೋರಿನಲ್ಲಿ ಮಾವ ಬ್ರಷ್ ಹಿಡಿಕೆಗಳ ರಾಶಿಯ ನಡುವೆ ಕೂತು, ಫೋನು ನೋಡುತ್ತ, ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

"ಮಾವಾ, ನೋಡಿಬಿಟ್ರಾ?"

"ನೋಡ್ದೆ ನೋಡ್ದೆ! ಅಬ್ಬಬ್ಬಾ, ನಕ್ಕು ನಕ್ಕು ಸಾಕಾಯ್ತು."

"ನಿಮಗೆ ಬೇಜಾರಿಲ್ವಾ? ಬಾಟಲಿ ಬ್ರಷ್ ಅಂದಿದ್ದಕ್ಕೆ?"

"ಯಾರನ್ನ?"

"ನಿಮ್ಮನ್ನ. ನಡು ದಪ್ಪ ಅಂತ."

ಮಾವ ಫೋನು ಕೆಳಗಿಟ್ಟರು. ಅದರಲ್ಲಿ ಅವರ ಮೊಮ್ಮಗ ಬಕೆಟ್ಟಿನೊಳಗೆ ಕೂತು ಏಳಲಾರದೆ ಒದ್ದಾಡುತ್ತಿದ್ದ. ಮಾವ ಒಮ್ಮೆ ತಮ್ಮ ನಡುವನ್ನು ನೋಡಿಕೊಂಡರು, ಒಮ್ಮೆ ಆಮೇಲಪ್ಪನನ್ನು ನೋಡಿದರು.

"ನಿನಗೆ ಮಧ್ಯಾಹ್ನದ ಡಬ್ಬಿಯಲ್ಲಿ ಎಷ್ಟು ಸಲ ಪಾಲು ಕೊಟ್ಟಿದ್ದೀನಿ ಹೇಳು."

ಆಮೇಲಪ್ಪ ಎಲ್ಲವನ್ನೂ ಹೇಳಿದ. ಮಾವ ಕೈಗೆ ಸಿಕ್ಕ ಹಿಡಿಕೆಯೊಂದನ್ನು ರಾಶಿಗೆ ಎಸೆದರು. ಆಮೇಲೆ ಕೇಳಿದರು: "ಲೆಕ್ಕದವಳನ್ನ ಏನಂತ ಬರ್ದಿದ್ದೀಯ?" ಅದನ್ನು ಕೇಳಿದ ಮೇಲೆ ಅವರ ಮುಖ ಅರಳಿತು. "ನಿಜ ಬರ್ದಿದ್ದೀಯ. ಹೋಗ್ಲಿ ಬಿಡು. ಆದ್ರೆ ಒಂದು ಮಾತು. ಆ ಮೊದಲನೇ ಸಾಫ್ಟ್‌ವೇರ್ ಮಾರೋದು ನನ್ನ ಅಳಿಯ. ಅದನ್ನೇ ಆರಿಸ್ತೀಯ ತಾನೇ?"

"ಅದೇ ಮಾವಾ. ಖಂಡಿತ."

ಲೆಕ್ಕದಕ್ಕನ ಕೋಣೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಅವಳು ಎಲ್ಲ ಕೇಳಿ, ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಇನ್ನೊಂದ್ ಸಲ ಹೇಳು."

"ಬೇಡಕ್ಕಾ."

"ಹೇಳು."

"ಕಾಲಿನ ಹತ್ತಿರ ಮಾತ್ರ... ಹೊಳಪು ಬರಿಸುತ್ತದೆ."

"ನೋಡು ತಮ್ಮಾ, ನಾನು ಅತ್ತು ಕರೆದು ಮಾಡೋಳಲ್ಲ. ಆ ಎರಡನೇ ಸಾಫ್ಟ್‌ವೇರ್ ನನಗೆ ಹಿಡಿಸಿದೆ. ಪ್ರತಿಯೊಂದಕ್ಕೂ ಖಂಡಿತವೇ ಅಂತ ಕೇಳುತ್ತೆ. ನಿನ್ನಂಥವರ ಕೈಗೆ ಕೊಡೋಕೆ ಅದೇ ಸರಿ. ಅದನ್ನ ಆರಿಸು, ನಾನು ಇದನ್ನ ಮರೀತೀನಿ. ಇಲ್ದಿದ್ರೆ ಹೊಳಪು ಹೇಗೆ ಬರಿಸ್ತೀನಿ ಅಂತ ತೋರಿಸ್ತೀನಿ."

"ಅದೇ ಅಕ್ಕಾ. ಖಂಡಿತ."

ಹೊರಗೆ ಬಂದವನಿಗೆ, ಅರ್ಧ ದಿನದಲ್ಲಿ ಎರಡು ಸಾಫ್ಟ್‌ವೇರುಗಳಿಗೆ ಮಾತು ಕೊಟ್ಟಾಯಿತು ಎಂಬುದು ಹೊಳೆಯಿತು. ಇನ್ನು ಉಳಿದದ್ದು ಯಜಮಾನಿಯವರ ಕೋಣೆ. ಅದರ ಬಾಗಿಲಿನ ತನಕ ನಾಲ್ಕು ಸಲ ಹೋಗಿ, ನಾಲ್ಕು ಸಲವೂ ತಿರುಗಿ ಬಂದ. ಕೊನೆಗೆ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಕೂತಾಗ, ಮಾಡಿದವರನ್ನೇ ಕೇಳಿದರೆ ಹೇಗೆ ಎಂಬ ಯೋಚನೆ ಬಂದು, ಮೂರನೇ ಸಾಫ್ಟ್‌ವೇರಿನ ಸಹಾಯದ ನಂಬರಿಗೆ ಫೋನು ಮಾಡಿದ.

"ಅಮ್ಮಾ, ನನ್ನ ಪುಟ ಲೋಕಕ್ಕೆಲ್ಲ ಹೋಗಿಬಿಟ್ಟಿದೆ. ಹೇಗಾದ್ರೂ ವಾಪಸ್ ಎಳ್ಕೊಡಿ."

ಆ ಕಡೆಯವಳು ಕಂಪನಿಯ ಹೆಸರು ಕೇಳಿ, ಸ್ವಲ್ಪ ಹೊತ್ತು ಟಕಟಕ ಒತ್ತಿ, ಹೇಳಿದಳು: "ಎಲ್ಲೂ ಹೋಗಿಲ್ಲ ಸರ್. ನೀವು ಒತ್ತಿರೋದು ಪ್ರಿವ್ಯೂ. ಹೊರಗೆ ಹೊರಡೋ ಮುಂಚೆ ಕನ್ನಡಿ ನೋಡ್ಕೊಳ್ಳಲ್ವಾ, ಹಾಗೆ. ನಿಮಗೆ ಮಾತ್ರ ಕಾಣುತ್ತೆ."

"ಊರಿನವರಿಗೆ?"

"ಯಾರಿಗೂ ಇಲ್ಲ ಸರ್."

ಆಮೇಲಪ್ಪನ ಕಣ್ಣು ತುಂಬಿತು. ಮರುಕ್ಷಣವೇ ಒಣಗಿತು. ಯಾರಿಗೂ ಕಾಣದ ಪುಟವನ್ನು ತಾನೇ ಕೋಣೆ ಕೋಣೆಗೆ ಹೋಗಿ ಬಾಯಿಪಾಠ ಒಪ್ಪಿಸಿ ಬಂದಿದ್ದನಲ್ಲ! ಆದರೂ ಯಜಮಾನಿಯವರಿಗೆ ಹೇಳಿಲ್ಲ. ಆ ಬಾಗಿಲಿಂದ ನಾಲ್ಕು ಸಲ ತಿರುಗಿ ಬಂದ ತನ್ನ ಪುಕ್ಕಲುತನಕ್ಕೆ ಅವನು ಮನಸ್ಸಿನಲ್ಲೇ ಕೈ ಮುಗಿದ.

"ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ. ಇಡ್ತೀನಿ."

"ಸರಿ ಸರ್. ಮೇಡಂಗೂ ನಮಸ್ಕಾರ ಹೇಳಿ."

"ಯಾವ ಮೇಡಂ?"

"ಖಾತೆ ಅವರ ಹೆಸರಲ್ಲೇ ಇದೆಯಲ್ಲ ಸರ್. ನೀವು ಏನೇ ಬದಲಾಯಿಸಿದ್ರೂ ಒಂದು ಪ್ರತಿ ಅವರಿಗೆ ಹೋಗುತ್ತೆ. ತಪ್ಪದೆ ತೆರೆದು ನೋಡ್ತಾರೆ, ಇಲ್ಲಿ ಕಾಣ್ತಿದೆ. ಇವತ್ತು ಬೆಳಗ್ಗೆಯದನ್ನೂ ನೋಡಿದ್ದಾರೆ."

ಫೋನು ಕೈಯಿಂದ ಜಾರಿತು. ಮೇಲಿನ ಕೋಣೆಯಿಂದ ಯಜಮಾನಿಯವರು ಅವನನ್ನು ಕರೆಯುವ ಗಂಟೆ ಕೇಳಿಸಿತು. ಆಮೇಲಪ್ಪ ಜೇಬಿನ ಕೀಲಿಗೊಂಚಲನ್ನು ಸದ್ದಾಗದಂತೆ ಒತ್ತಿ ಹಿಡಿದು ಮೆಟ್ಟಿಲು ಹತ್ತಿದ.

ಯಜಮಾನಿ ಒಂದು ಹೊಸ ಬ್ರಷ್ಷನ್ನು ಅಂಗೈಗೆ ಉಜ್ಜಿ ಪರೀಕ್ಷಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಪತ್ರ ಎಲ್ಲಿ?"

"ಮೇಡಂ, ಆ ತಂತಿ ಬ್ರಷ್ ಅನ್ನೋದು..."

"ಮೊದಲು ಕಸಬರಿಕೆ ಅಂತ ಬರೆದಿದ್ರಿ. ಆಮೇಲೆ ಅದನ್ನ ಅಳಿಸಿ ನೆಲ ಉಜ್ಜೋ ಬ್ರಷ್ ಮಾಡಿದ್ರಿ. ತಂತಿ ಬ್ರಷ್‌ಗೆ ಬಂದದ್ದು ಈಚೆಗೆ."

ಆಮೇಲಪ್ಪನಿಗೆ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು. ನೆಲ ಸಿಮೆಂಟಿನದು, ಬಿಡಲಿಲ್ಲ.

"ಕೂತ್ಕೊಳ್ಳಿ" ಎಂದರು ಯಜಮಾನಿ. "ನಮ್ಮ ಮಾಲಿನ ಬಗ್ಗೆ ಇದುವರೆಗೆ ಎಷ್ಟೋ ಜನ ಬರೆದಿದ್ದಾರೆ. ಓದಿದ್ರೆ ನಿದ್ದೆ ಬರುತ್ತೆ. ನೀವು ಬರೆದದ್ದು ಓದಿದ್ರೆ ತಂತಿ ಬ್ರಷ್ ಏನು ಮಾಡುತ್ತೆ ಅಂತ ಯಾರೂ ಮರೆಯಲ್ಲ. ನಾನಂತೂ ಮರೆಯಲ್ಲ. ಆ ಮೂರನೇ ಸಾಫ್ಟ್‌ವೇರನ್ನೇ ತಗೊಳ್ಳೋಣ."

ಕೆಲಸ ಉಳಿಯಿತು! ಆಮೇಲಪ್ಪ ಕುರ್ಚಿಯಿಂದ ಒಂದು ಗೇಣು ಮೇಲೆದ್ದ. ಮಾವನ ಅಳಿಯನೂ ಅಕ್ಕನ "ಖಂಡಿತವೇ"ಯೂ ನೆನಪಾಗಿ ಅಷ್ಟೇ ಕೆಳಗಿಳಿದ.

"ಇನ್ನೊಂದು" ಎಂದರು ಯಜಮಾನಿ. "ಮೂರಕ್ಕೇ ಯಾಕೆ ನಿಲ್ಲಿಸಿದ್ರಿ? ನಾವು ಎಷ್ಟು ಬಗೆ ಬ್ರಷ್ ಮಾಡ್ತೀವೋ ಅಷ್ಟಕ್ಕೂ ಹೀಗೇ ಬರೀರಿ. ಒಂದೊಂದಕ್ಕೆ ನಮ್ಮಲ್ಲಿ ಕೆಲಸ ಮಾಡೋ ಒಬ್ಬೊಬ್ಬರು. ಫೋಟೋ ಸಮೇತ. ಕಾವಲಿನವನಿಂದ ಹಿಡಿದು ಅಂಟು ಕಾಯಿಸೋಳ ತನಕ ಯಾರನ್ನೂ ಬಿಡಬೇಡಿ."

"ಮೇಡಂ, ಅವರು ನನ್ನನ್ನ ಜೀವಸಹಿತ ಬಿಡಲ್ಲ!"

"ನಾನು ಹೇಳಿದೆ ಅಂತ ಬರೀಬೇಡಿ, ನಿಮ್ಮದೇ ಆಯ್ಕೆ ಅಂತ ಬರೀರಿ. ತಂತಿ ಬ್ರಷ್ ಅಂತ ಆಗಲೇ ಹೆಸರು ಬಂದಿದೆ, ಇನ್ನಷ್ಟು ಕೆಟ್ಟವಳು ನಾನ್ಯಾಕೆ ಆಗಲಿ? ಆ ಪತ್ರ ನನಗೊಬ್ಬಳಿಗೆ ಬೇಡ. ಎಲ್ಲರಿಗೂ ಹೋಗಲಿ. ಮಾದರಿಗೆ ಅಂತ ಈಗಿರೋ ಪುಟವನ್ನೂ ಸೇರಿಸಿ."

"ಸ್ವಲ್ಪ ಆಮೇಲೆ..."

"ಈಗ."

ಅವರು ತಮ್ಮ ಕಂಪ್ಯೂಟರನ್ನೇ ಅವನತ್ತ ತಿರುಗಿಸಿದರು. ಆಮೇಲಪ್ಪ ಬರೆದ. "ಬಳಗದ ಎಲ್ಲರಿಗೂ ವಂದನೆಗಳು. ಮೂರು ಸಾಫ್ಟ್‌ವೇರುಗಳನ್ನು ಬಹುಕಾಲ ಪರೀಕ್ಷಿಸಿ, ನಾನೇ, ಸ್ವಂತ ಬುದ್ಧಿಯಿಂದ, ಮೂರನೆಯದನ್ನು ಆರಿಸಿದ್ದೇನೆ. ಸೋಮವಾರದಿಂದ ನಿಮ್ಮಲ್ಲಿ ಯಾರು ಯಾವ ಬ್ರಷ್ ಎಂಬುದನ್ನೂ ನಾನೇ ನಿರ್ಧರಿಸಲಿದ್ದೇನೆ." ಯಜಮಾನಿ ಅವನ ಹೆಗಲ ಮೇಲಿಂದ ಬಗ್ಗಿ ಓದಿ, "ನಾನೇ" ಎಂಬುದರ ಕೆಳಗೆ ಗೆರೆ ಎಳೆಸಿದರು.

ಅವನು ಕಣ್ಣು ಮುಚ್ಚಿ, ತಿಂಗಳುಗಳಿಂದ ಬಾಕಿಯಿದ್ದ ಪತ್ರವನ್ನು ಕಳಿಸುವ ಗುಂಡಿ ಒತ್ತಿದ.

ಪಕ್ಕದ ಕೋಣೆಯಲ್ಲಿ ಲೆಕ್ಕದಕ್ಕನ ಫೋನು ಟಿಣ್ ಎಂದಿತು. ಕೆಳಗೆ ಸ್ಟೋರಿನಲ್ಲಿ ಇನ್ನೊಂದು. ಆಮೇಲೆ ಕಾರ್ಖಾನೆಯ ಈ ತುದಿಯಿಂದ ಆ ತುದಿಯವರೆಗೆ ಟಿಣ್ ಟಿಣ್ ಟಿಣ್ ಎಂದು ಹರಿದು ಹೋಗಿ, ಗೇಟಿನ ಹತ್ತಿರ ಕೊನೆಯದು ಕೇಳಿಸಿತು. ಕೂದಲು ಕತ್ತರಿಸುವ ಯಂತ್ರ ನಿಂತಿತು. ಹಿಡಿಕೆ ಕೊರೆಯುವ ಯಂತ್ರವೂ ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು ಶುರುವಾಯಿತು.