ಅಲ್ಲಾಡಿಸಿ ಕೊಂಡ ವಾಚು

ವಸ್ತು ಆರಿಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗಳು ನಾನು. ಬದನೆಕಾಯಿಯ ತೊಟ್ಟು ನೋಡಿ ಒಳಗಿನ ಹುಳುವಿನ ವಯಸ್ಸು ಹೇಳಬಲ್ಲೆ. ಹೀಗಿರುವಾಗ ಒಂದು ಹಳೇ ವಾಚು ಕೊಳ್ಳುವುದು ಯಾವ ಮಹಾ ಕೆಲಸ?

ಹಳೇ ವಾಚು ಯಾಕೆ ಬೇಕಾಯಿತೆಂದರೆ, ಮನೆಯಲ್ಲಿದ್ದ ಹಳೇ ವಾಚನ್ನು ನಾನು ಒಗೆದುಬಿಟ್ಟಿದ್ದೆ.

ನಮ್ಮ ಮದುವೆಯಲ್ಲಿ ಅಪ್ಪ ಅಳಿಯನ ಕೈಗೆ ಕಟ್ಟಿದ ಕೀ ಕೊಡುವ ವಾಚು ಅದು. ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುವ ಹಾಗೆ ಅದರ ಬೆನ್ನಿಗೆ ‘ಚಿ. ಮಹೇಶನಿಗೆ ಮಾವನ ಉಡುಗೊರೆ’ ಎಂದು ಕೆತ್ತಿಸಿದ್ದರು. ಇಪ್ಪತ್ತೇಳು ವರ್ಷದಿಂದ ನಮ್ಮ ಯಜಮಾನರು ಬೆಳಿಗ್ಗೆ ಎದ್ದೊಡನೆ ಹಿತ್ತಲಿಗೆ ಹೋಗಿ, ಅದರ ಕೀ ತಿರುಗಿಸುತ್ತಾ ಎರಡು ನಿಮಿಷ ನಿಲ್ಲುತ್ತಾರೆ. ಮಾವನ ಮೇಲೆ ಎಂಥ ಭಕ್ತಿ ಎಂದು ನಾನು ಕರಗಿಹೋಗಿದ್ದೆ. ಅಪ್ಪನೂ ಅಷ್ಟೇ. ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ, “ಅಳಿಯಂದ್ರೇ, ವಾಚು ಓಡ್ತೈತಾ?”

ಗುರುವಾರ ವಾಚಿನ ಪಟ್ಟಿ ಕಿತ್ತುಹೋಯಿತು. ಯಜಮಾನರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಶುಕ್ರವಾರ ಬೆಳಿಗ್ಗೆ ಅಂಗಿ ವಾಷಿಂಗ್ ಮಷೀನಿಗೆ ಹೋಯಿತು. ನಲವತ್ತೈದು ನಿಮಿಷ! ತೆಗೆದು ನೋಡಿದರೆ ಗಾಜಿನೊಳಗೆ ನೊರೆ ತುಂಬಿದ ಪುಟ್ಟ ಕೆರೆ. ದೊಡ್ಡ ಮುಳ್ಳು ಅದರಲ್ಲಿ ಈಜುತ್ತಿತ್ತು.

ಅದೇ ಹೊತ್ತಿಗೆ ಫೋನು. ಅಪ್ಪ!

“ಗಿರಿಜಾ, ಕಣ್ಣಿನ ಆಪರೇಷನ್ ಆದ್ಮೇಲೆ ಎಲ್ಲಾ ಫಳಫಳ ಕಾಣ್ತೈತೆ ಕಣವ್ವಾ! ಇರುವೆ ಮೀಸೆನೂ ಕಾಣ್ತೈತೆ. ನಾಳೆ ನಾಲ್ಕು ಗಂಟೆ ಬಸ್ಸಿಗೆ ನಿಮ್ಮೂರಿಗೆ ಬತ್ತೀನಿ.”

ಎಂಬತ್ತೆರಡು ವರ್ಷದ ಜೀವ. ಮಗಳೇ ತನ್ನ ಉಡುಗೊರೆಯನ್ನು ಸೋಪಿನ ನೀರಿನಲ್ಲಿ ಮುಳುಗಿಸಿದಳೆಂದು ತಿಳಿದರೆ ಏನಾಗಬೇಡ! ಫೋನು ಜಾರಿ ಬಕೆಟ್ಟಿಗೆ ಬೀಳುವುದರಲ್ಲಿತ್ತು.

ಸಂಜೆ ಯಜಮಾನರು ಶಾಲೆಯಿಂದ ಬಂದವರೇ, “ಲೇ, ನನ್ನ ವಾಚೆಲ್ಲಿ?” ಎಂದರು.

“ಅಪ್ಪ ಬರ್ತಾರಲ್ಲ ರೀ, ಒರೆಸಿ ದೇವರ ಮನೇಲಿ ಇಟ್ಟಿದ್ದೀನಿ. ಅವರು ಬರೋವರೆಗೂ ಮುಟ್ಟಬೇಡಿ.”

“ಒರೆಸೋದು ಸರಿ, ತೊಳೀಬೇಡ ಮತ್ತೆ,” ಎಂದು ನಕ್ಕರು. ನಾನೂ ನಕ್ಕೆ. ನಕ್ಕು ಅಡುಗೆಮನೆಗೆ ನುಸುಳಿದೆ.

ಅಡುಗೆ ಮಾಡುತ್ತಲೇ ಫೋನಿನಲ್ಲಿ ಹಳೇ ವಾಚು ಕೊಳ್ಳುವವರಿಗೆ ಬುದ್ಧಿ ಹೇಳುವ ವಿಡಿಯೊ ಹುಡುಕಿದೆ. ಹಾಲು, ಗ್ಯಾಸು ಬಂದ ದಿನ ಬರೆದಿಡುವ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದೇ ಗುರುತು ಹಾಕಿಕೊಂಡೆ. ಮುಖಕ್ಕೆ ಹೊಸ ಬಣ್ಣ ಬಳಿದಿದ್ದಾರೋ ನೋಡಿ. ಗಾಜಿನೊಳಗೆ ತೇವದ ಕಲೆ ಇದೆಯೋ ನೋಡಿ. ಕೀ ಸಲೀಸಾಗಿ ತಿರುಗಬೇಕು. ಸೆಕೆಂಡಿನ ಮುಳ್ಳು ತಡವರಿಸಬಾರದು. ಬೆನ್ನು ಬಿಚ್ಚಿಸಿ ತುಕ್ಕು ನೋಡಿ. ಕೊನೆಯದಾಗಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಒಳಗೆ ಗಡಗಡ ಸದ್ದು...

ಹಾಲು ಉಕ್ಕಿತು! ಓಡಿದೆ. ಒಲೆ ಒರೆಸಿ ಬರುವಷ್ಟರಲ್ಲಿ ವಿಡಿಯೊ ಮುಗಿದು ಯಾರೋ ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತಿದ್ದರು. ಸದ್ದು ಬರಬೇಕೋ ಬರಬಾರದೋ? ಹಿಂದಕ್ಕೆ ಹೋಗಿ ನೋಡಬಹುದಿತ್ತು. ಆದರೆ ಈ ಪ್ರಶ್ನೆಗೆ ಅರಸೀಕೆರೆಯವಳು ವಿಡಿಯೊ ನೋಡಬೇಕೆ? ಅಟ್ಟದ ಮೇಲೆ ಒಣಗಲು ಹಾಕಿದ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತೇವೆ. ಲೊಳಕ್ ಎಂದರೆ ಒಳಗೆ ನೀರಿದೆ. ಸದ್ದೇ ಇಲ್ಲದಿದ್ದರೆ ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿಲ್ಲ. ಗಡಗಡ ಎಂದರೆ ಚೆನ್ನಾಗಿ ಒಣಗಿದ ಒಂದನೇ ನಂಬರ್ ಮಾಲು! ‘ಗಡಗಡ ಬರಬೇಕು’ ಎಂದು ಬರೆದು ಅಡಿಗೆರೆ ಎಳೆದೆ.

ಶನಿವಾರ ಯಜಮಾನರು ಶಾಲೆಗೆ ಹೊರಟೊಡನೆ ನಾನು ನಮ್ಮೂರು ಬಸ್ತಿಹಳ್ಳಿಯಿಂದ ಹಳೇಬೀಡಿಗೆ ನಡೆದು ಬೇಲೂರು ಬಸ್ಸು ಹಿಡಿದೆ. ಬೇಲೂರಿನ ವಾಚ್ ರಿಪೇರಿಯ ರಹಮತ್ ಸಾಬರು ಡಬ್ಬಿ ಬಗ್ಗಿಸಿದರು. ನಮ್ಮ ವಾಚಿನ ಅವಳಿಗಳಂತೆ ಎರಡು ಸಿಕ್ಕವು! ಕಣ್ಣಲ್ಲಿ ನೀರು ಬಂತು.

ಕ್ಯಾಲೆಂಡರಿನ ಹಾಳೆ ಬಿಚ್ಚಿ ಪರೀಕ್ಷೆ ಆರಂಭಿಸಿದೆ. ಮುಖ, ಗಾಜು, ಕೀ, ಮುಳ್ಳು, ತುಕ್ಕು. ಎರಡೂ ಪಾಸು. ಕೊನೆಗೆ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಒಂದು ಮೌನ. ಇನ್ನೊಂದು ಗಡಗಡ!

“ಇದನ್ನ ಕೊಡಿ.”

ಸಾಬರು ಬೆಚ್ಚಿದರು. “ಅದು ಬೇಡಮ್ಮ. ಇದು ತಗೊಂಡೋಗಿ, ಚೆನ್ನಾಗೈತೆ.”

“ಯಾಕೆ, ಅದಕ್ಕೇನಾಗಿದೆ?”

“ಅದನ್ನ ಪೂರ್ತಿ ಬಿಚ್ಚಿ ನೋಡ್ಬೇಕು. ಬೇಕೇಬೇಕು ಅಂದ್ರೆ ಬುಧವಾರ ಬನ್ನಿ.”

ನನಗೆ ಒಳಗೊಳಗೇ ನಗು. ವ್ಯಾಪಾರಿ ಯಾವುದನ್ನು ಮುಂದೆ ತಳ್ಳುತ್ತಾನೋ ಅದನ್ನು ಮುಟ್ಟಬಾರದು, ಯಾವುದನ್ನು ಬಚ್ಚಿಡುತ್ತಾನೋ ಅದೇ ಅಸಲಿ. ಇದು ಅಪ್ಪ ಕಲಿಸಿದ ವಿದ್ಯೆ.

“ಸಾಬರೇ, ನಾನು ಕೊಬ್ಬರಿಯವರ ಮಗಳು. ಗಡಗಡ ಅನ್ನೋದನ್ನೇ ಕೊಡಿ!”

ಸಾಬರು ನನ್ನ ಮುಖ ನೋಡಿ, ಅದನ್ನೇ ಕಾಗದದಲ್ಲಿ ಸುತ್ತಿ ಕೊಟ್ಟರು.

ಅಲ್ಲಿಂದ ಪಾತ್ರೆ ಅಂಗಡಿಗೆ ಓಡಿದೆ. ಅಪ್ಪನ ಹೊಸ ಕಣ್ಣು ಮೊದಲು ಹುಡುಕುವುದೇ ಆ ಅಕ್ಷರಗಳನ್ನು. ಹೆಸರು ಹಾಕುವವರು ವಾಚನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಅಮ್ಮಾ, ನಾನು ಚೊಂಬಿಗೆ ಹಾಕೋನು. ಈ ಮಷೀನು ಅದುರ್ತದೆ.”

“ಸಣ್ಣ ಚೊಂಬು ಅಂದ್ಕೊಳ್ಳಿ!”

ಜಿರ್ರ್... ಪ್ರತಿ ಅಕ್ಷರಕ್ಕೂ ವಾಚಿನ ಒಳಗಿನ ಗಡಗಡ ಇನ್ನಷ್ಟು ಗಟ್ಟಿಯಾಯಿತು. ಗುಣಮಟ್ಟ ಹೆಚ್ಚುತ್ತಿದೆ ಎಂದು ಸಮಾಧಾನಪಟ್ಟೆ.

ಮನೆ ಸೇರಿದಾಗ ಮೂರೂಮುಕ್ಕಾಲು. ಒದ್ದೆ ವಾಚನ್ನು ರಾಗಿ ಡಬ್ಬದ ತಳಕ್ಕೆ ತಳ್ಳಿ, ಇದನ್ನು ದೇವರ ಮುಂದಿಟ್ಟು, ವಿಭೂತಿಯನ್ನೂ ಹಚ್ಚಿದೆ. ಯಜಮಾನರು ಬಂದರು, ಅವರ ಹಿಂದೆಯೇ ಅಪ್ಪ ಬಂದರು. ಚಪ್ಪಲಿ ಕಾಲಲ್ಲೇ ಇದೆ.

“ಅಳಿಯಂದ್ರೇ, ವಾಚು ಓಡ್ತೈತಾ?”

ಯಜಮಾನರು ತಂದುಕೊಟ್ಟರು. ಅಪ್ಪ ಕೀ ಕೊಟ್ಟರು. ಬೆನ್ನು ತಿರುಗಿಸಿ ಓದಿದರು. ಆಮೇಲೆ ಅದನ್ನು ನಿಧಾನವಾಗಿ ಕಿವಿಗೆ ಹಿಡಿದು ಅಲ್ಲಾಡಿಸಿದರು.

ಗಡಗಡಗಡ!

ಅಪ್ಪ ಕುರ್ಚಿಯಲ್ಲಿ ಕುಸಿದರು. ನಾನು ನೀರಿಗೆ ಓಡಬೇಕು, ಅಷ್ಟರಲ್ಲಿ ಅವರೇ ಬಾಯಿಬಿಟ್ಟರು.

“ಅದೇ ಸದ್ದು! ಇನ್ನೂ ಹೋಗಿಲ್ಲ. ಅಳಿಯಂದ್ರೇ, ತಪ್ಪಾಯ್ತು. ಅವತ್ತು ಅಂಗಡಿಯೋನು ಬೇರೇದು ತಗೊಳ್ಳಿ ಅಂದ. ನಾನು ಅಲ್ಲಾಡಿಸಿ ಅಲ್ಲಾಡಿಸಿ ಸದ್ದು ಬರೋದನ್ನೇ ಆರಿಸ್ಕಂಡೆ. ಆಮ್ಯಾಕೆ ಗೊತ್ತಾಯ್ತು, ವಾಚಲ್ಲಿ ಸದ್ದು ಬಂದ್ರೆ ಒಳಗೇನೋ ಕಳಚೈತೆ ಅಂತ. ಮದುವೆ ಮನೇಲಿ ಹೆಂಗೆ ಹೇಳ್ಲಿ? ಅದಕ್ಕೇ ಬಂದಾಗೆಲ್ಲ ಕೇಳ್ತಿದ್ದೆ.”

ಯಜಮಾನರು ತಲೆ ತಗ್ಗಿಸಿದರು. “ನಿಮಗೆ ಬೇಜಾರಾಗುತ್ತೆ ಅಂತ ನಾನೂ ಹೇಳಿರಲಿಲ್ಲ ಮಾವ. ದಿನಕ್ಕೆ ಇಪ್ಪತ್ತು ನಿಮಿಷ ಹಿಂದೆ ಬೀಳುತ್ತೆ. ದಿನಾ ಬೆಳಿಗ್ಗೆ ಹಿತ್ತಲಿಗೆ ಹೋಗಿ ಸರಿಮಾಡ್ಕೊಳ್ತೀನಿ.”

ಭಕ್ತಿ! ಇಪ್ಪತ್ತೇಳು ವರ್ಷ ನಾನು ಕರಗಿದ್ದು ಆ ಇಪ್ಪತ್ತು ನಿಮಿಷಕ್ಕೆ!

ಆದರೂ ಗೆದ್ದಿದ್ದೆನಲ್ಲ. ನಕಲಿ ವಾಚು ಅದರ ದೋಷದಿಂದಲೇ ಅಸಲಿಯಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಷ್ಟರಲ್ಲಿ ಯಜಮಾನರು ಅದರ ಬೆನ್ನಿನ ಮೇಲೆ ಬೆರಳಾಡಿಸಿದರು.

“ಲೇ ಗಿರಿಜಾ, ಇಷ್ಟು ವರ್ಷದ ಅಕ್ಷರ ಹೊಸ ಸೌಟಿನ ಥರ ಹೊಳೀತಿದೆಯಲ್ಲೇ? ಅಂಚು ಕೈಗೆ ತರಚುತ್ತೆ!”

ಜೊತೆಗೇ ‘ಟಿಕ್’ ಎಂದು ಸೆಕೆಂಡಿನ ಮುಳ್ಳು ಕಳಚಿ ಗಾಜಿನ ತಳದಲ್ಲಿ ಮಲಗಿತು. ನಾನು ಎದ್ದು ಹೋಗಿ ರಾಗಿ ಡಬ್ಬ ತಂದು ಇಬ್ಬರ ನಡುವೆ ಇಟ್ಟೆ.

ಎಲ್ಲ ಕೇಳಿ ಅಪ್ಪ ಬೈಯಲಿಲ್ಲ. ಹೊಸ ಕಣ್ಣಿಂದ ನೀರು ಸುರಿಯುವಷ್ಟು ನಕ್ಕರು. “ನನ್ ಮಗಳೇ ಕಣವ್ವಾ ನೀನು, ಅನುಮಾನವೇ ಇಲ್ಲ!”

ಭಾನುವಾರ ಮೂವರೂ ಬೇಲೂರಿಗೆ ಹೋದೆವು. ನನ್ನನ್ನು ಕಂಡೊಡನೆ ಸಾಬರು ಆ ಮೌನದ ವಾಚನ್ನು ಮುಂದಿಟ್ಟರು. ಅಪ್ಪ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಮತ್ತೆ ಅಲ್ಲಾಡಿಸಿದರು. ಮುಖ ಸಣ್ಣಗಾಯಿತು. ನನ್ನ ಕಡೆ ಬಾಗಿ ಪಿಸುಗುಟ್ಟಿದರು:

“ಇದು ಒಣಗೇ ಇಲ್ವಲ್ಲವ್ವಾ?”

ಪಾಠ ಕಲಿತ ನಾನು ನಗಬೇಕಿತ್ತು. ನಗಲಿಲ್ಲ. ಅವರ ಕೈಯಿಂದ ಇಸಿದುಕೊಂಡು, ಯಜಮಾನರೂ ಸಾಬರೂ ನೋಡುತ್ತಿರುವಂತೆಯೇ, ನಾನೂ ಒಂದು ಸಲ ಅಲ್ಲಾಡಿಸಿ ನೋಡಿದೆ.