ಮಾಮಾನ ಲೇಥು, ಅತ್ತಿಯ ಕದರು

ನನ್ನ ಸೋದರಮಾವ ಬನಹಟ್ಟಿಯಲ್ಲಿ ಕಾರ್ಖಾನೆ ಇಟ್ಟಿದ್ದ ಎಂದರೆ ನೀವು ನಂಬಬೇಕು. ಅಲ್ಲಿಂದ ವರ್ಷಾನುಗಟ್ಟಲೆ ಒಂದು ಮೊಳೆಯೂ ತಯಾರಾಗಿ ಹೊರಗೆ ಬರಲಿಲ್ಲ ಎಂದರೆ ಅದನ್ನೂ ನಂಬಬೇಕು! ಕಾರ್ಖಾನೆ ಎಂದರೆ ಪಡಸಾಲೆಯ ಮೂಲೆಯಲ್ಲಿ ಒಂದು ಮರದ ಮೇಜು, ಅದರ ಮೇಲೊಂದು ಪುಟ್ಟ ಲೇಥು. ಕಬ್ಬಿಣದ ಸಲಾಕೆಯನ್ನು ಗರಗರ ತಿರುಗಿಸಿ, ಉಳಿ ತಾಗಿಸಿ, ಬೇಕಾದ ಆಕಾರಕ್ಕೆ ತರುವ ಯಂತ್ರ. ಸೊಸೈಟಿಯಲ್ಲಿ ಕಾರಕೂನನಾಗಿದ್ದ ಮಾಮಾ, ನಿವೃತ್ತನಾದ ಮೇಲೆ ಉಳಿದವರು ಕಾಶಿಗೆ ಹೋಗುವ ವಯಸ್ಸಿನಲ್ಲಿ ಕೊಲ್ಲಾಪುರಕ್ಕೆ ಹೋಗಿ ಇದನ್ನು ತಂದ. ಹಿಪ್ಪರಗಿ ಬ್ಯಾರೇಜಿನ ಕೆಲಸ ಇನ್ನೂ ನಡೆದಿದ್ದ ಕಾಲ ಅದು. ಬ್ಯಾರೇಜು ಮುಗಿದು, ನೀರು ನಿಂತು, ದಂಡೆಯ ಕಬ್ಬು ಆಳೆತ್ತರ ಬೆಳೆದರೂ ಮಾಮಾನ ಲೇಥು ಮಾತ್ರ ತಯಾರಾಗುತ್ತಲೇ ಇತ್ತು.

ಏನಾಗಿತ್ತು ಅದಕ್ಕೆ? ಉಳಿಯನ್ನು ಹೊತ್ತು ಹಳಿಯ ಮೇಲೆ ಅತ್ತಿತ್ತ ಜಾರುವ ಭಾಗಕ್ಕೆ ಕ್ಯಾರೇಜ್ ಎನ್ನುತ್ತಾರಂತೆ. ಮಾಮಾ ಅದನ್ನು ಗಾಡಿ ಎನ್ನುತ್ತಿದ್ದ. ಈ ಗಾಡಿ ಅಲುಗಲೂಬಾರದು, ಹಗುರಾಗಿ ಜಾರಲೂಬೇಕು. ಅಡಿಯ ನಟ್ಟು ಬಿಗಿ ಮಾಡಿದರೆ ಮುನಿಸಿಕೊಂಡ ಬೀಗರ ಹಾಗೆ ಕೂತಲ್ಲಿಂದ ಏಳುವುದಿಲ್ಲ. ಸಡಿಲ ಮಾಡಿದರೆ ಸಲಾಕೆಯ ಮೈಮೇಲೆ ನುಣುಪಿನ ಬದಲು ಸಣ್ಣ ಸಣ್ಣ ಅಲೆ ಏಳುತ್ತವೆ. ಬಿಗಿ, ಸಡಿಲ, ಬಿಗಿ, ಸಡಿಲ. ಮಾಮಾನ ನಿವೃತ್ತ ಜೀವನವೆಲ್ಲ ಇವೆರಡರ ನಡುವೆಯೇ ಕಳೆಯುತ್ತಿತ್ತು.

ಲೇಥಿನಿಂದ ಒಂದು ಸಾಮಾನು ಬೇಕಾಗಿದ್ದುದು ಅತ್ತಿಗೆ, ಅಂದರೆ ಮಾಮಾನ ಹೆಂಡತಿಗೆ. ಆಕೆ ಪಕ್ಕದ ಸಾವಕಾರರ ಪವರ್‌ಲೂಮಿಗೆ ಕಂಡಿಕಿ ಸುತ್ತುತ್ತಿದ್ದಳು. ಲಾಳಿಯೊಳಗೆ ಹಾಕುವ ಸಣ್ಣ ಕೊಳವೆಗೆ ರಾಟಿಯಲ್ಲಿ ನೂಲು ಸುತ್ತುವ ಕೆಲಸ. ರಾಟಿಯಲ್ಲಿ ಕಂಡಿಕಿ ಕೂರುವ ಉಕ್ಕಿನ ಕಡ್ಡಿಗೆ ಕದರು ಎನ್ನುತ್ತಾರೆ. ಅತ್ತಿಯ ಕದರು ಡೊಂಕಾಗಿತ್ತು. ತಿರುಗಿಸಿದರೆ ಕುಣಿಯುತ್ತಿತ್ತು, ನೂಲು ಹರಿಯುತ್ತಿತ್ತು, ಆಕೆ ಗಂಟು ಹಾಕುತ್ತಿದ್ದಳು, ಮತ್ತೆ ಹರಿಯುತ್ತಿತ್ತು.

"ನಿಮ್ಮ ಮಿಷನ್‌ನ್ಯಾಗ ನನಗೊಂದ ಕದರ ಮಾಡಿಕೊಡ್ರಿ."

"ಮಾಡತೇನಿ, ತಡಿ. ಮೊದಲ ಗಾಡಿ ಒಂದ ಕುಂದರಲಿ."

ಪ್ಯಾಟಿಯಲ್ಲಿ ಕದರು ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು! ಆದರೆ ಮನೆಯಲ್ಲಿ ಲೇಥು ಇಟ್ಟುಕೊಂಡವನ ಹೆಂಡತಿ ಪ್ಯಾಟಿಯಿಂದ ಕದರು ತಂದರೆ ಓಣಿಯಲ್ಲಿ ಮಾಮಾನ ಮಾನ ಉಳಿಯುತ್ತದೆಯೇ? ಅತ್ತಿ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಕದರನ್ನೂ ತರಲಿಲ್ಲ.

ನಟ್ಟುಗಳು ಗಾಡಿಯ ಹೊಟ್ಟೆಯಡಿ ಇದ್ದುದರಿಂದ ಪ್ರತಿ ಸಲವೂ ಇಡೀ ಲೇಥನ್ನೇ ಬೋರಲು ಹಾಕಬೇಕಾಗುತ್ತಿತ್ತು. ಒಬ್ಬನಿಂದ ಆಗುವ ಕೆಲಸವೇ ಅದು? ಹಾಗಾಗಿ ಆ ಮನೆಗೆ ಹೋದವರಿಗೆ ನೀರು ಬೆಲ್ಲಕ್ಕಿಂತ ಮೊದಲು ಲೇಥು ಎತ್ತುವ ಕೆಲಸ ಸಿಗುತ್ತಿತ್ತು. ನನ್ನನ್ನು ನೋಡಲು ವರನ ಕಡೆಯವರು ಬಂದದ್ದು ಮಾಮಾನ ಮನೆಗೇ. ನಾನು ಸೀರೆ ಉಟ್ಟು ಒಳಗೆ ಅವಲಕ್ಕಿಯ ತಾಟು ಹಿಡಿದು ನಿಂತಿದ್ದೆ. ಹೊರಗಿನಿಂದ ಮಾಮಾನ ದನಿ ಕೇಳಿಸಿತು:

"ಬರ್ರಿ ಬರ್ರಿ, ಛಲೋ ಹೊತ್ತಿಗೆ ಬಂದ್ರಿ! ಆ ಕಡಿ ಒಂದೀಟ ಹಿಡೀರಿ!"

ನಾನು ಹೊರಗೆ ಬರುವಷ್ಟರಲ್ಲಿ ವರನ ಅಪ್ಪನ ಬಿಳಿ ಧೋತರಕ್ಕೆ ಆಯಿಲ್ ಹತ್ತಿತ್ತು. ವರ ಮಾತ್ರ ಎರಡೂ ಕೈಯಲ್ಲಿ ಲೇಥನ್ನು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದ. ಅವರು ಹೋದ ಮೇಲೆ ಮಾಮಾ ತೀರ್ಪು ಕೊಟ್ಟ: "ಹುಡುಗ ಅಡ್ಡಿಯಿಲ್ಲ. ಎತ್ತುವಾಗ ಅಲುಗಲಿಲ್ಲ." ಜಾತಕಕ್ಕಿಂತ ಆ ಮಾತೇ ಹೆಚ್ಚು ಖರೆ ಆಯಿತು. ಅದೇ ಹುಡುಗನ ಜೊತೆ ನಾನು ಜಮಖಂಡಿಯಲ್ಲಿ ಸಂಸಾರ ಮಾಡಿಕೊಂಡಿದ್ದೇನೆ.

ಮುಂದೆ ತಗಡಿನ ಕಾಲ ಬಂತು. ಗಾಡಿಯ ಕೆಳಗಿನ ಸಂದಿಯಲ್ಲಿ ತೆಳ್ಳಗಿನ ತಗಡು ತುರುಕಿದರೆ ಸರಿಹೋಗುತ್ತದೆ ಎಂದು ಮಾಮಾನಿಗೆ ಹೊಳೆಯಿತು. ಎಣ್ಣೆ ಡಬ್ಬಿ ಹೋಯಿತು, ಪೌಡರ್ ಡಬ್ಬಿ ಹೋಯಿತು, ಕೊನೆಗೆ ಅತ್ತಿಯ ಕುಂಕುಮದ ಭರಣಿಯ ಮುಚ್ಚಳವೂ ಹೋಯಿತು. "ಅದರ ದಪ್ಪ ಬರೋಬರಿ ಐತಿ," ಎಂದ ಮಾಮಾ. "ನನ್ನ ಹಣಿನೂ ಬರೋಬರಿ ಐತಿ, ಅದನ್ನೂ ತಗದ ಹಾಕ್ರಿ," ಎಂದಳು ಅತ್ತಿ!

ಆಮೇಲೆ ಮಾಮಾ ನಿಜವಾಗಿಯೂ ಬುದ್ಧಿ ಓಡಿಸಿ, ಮೇಲಿನಿಂದಲೇ ಬಿಗಿ ಮಾಡಬಹುದಾದ ಬೋಲ್ಟುಗಳನ್ನು ಕೂರಿಸಿದ. ಲೇಥನ್ನು ಬೋರಲು ಹಾಕುವುದೇ ಬೇಡ! ಕಾಯಿ ಒಡೆದು ಓಣಿಗೆಲ್ಲ ಪೇಡೆ ಹಂಚಿದ. ಸಾವಕಾರರು ಬಂದು ನೋಡಿ, "ಏನ್ ಮಾಡಾಕತ್ತೀರಿ ಇದರಾಗ?" ಎಂದು ಕೇಳಿದರು. "ಇನ್ನ ಮ್ಯಾಲೆ ಮಾಡೂದೈತ್ರಿ," ಎಂದ ಮಾಮಾ. ಮರುದಿನ ಸಲಾಕೆ ಕೊಟ್ಟು ನೋಡಿದರೆ ಅದೇ ಅಲೆ, ಅದೇ ಗೆರೆ. ಮಾಮಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಮಗೆಲ್ಲ ನಗು.

ಅಷ್ಟರಲ್ಲಿ ಅತ್ತಿಯ ಬಲರೆಟ್ಟೆ ಹಿಡಿದುಕೊಂಡಿತ್ತು. ತಲೆ ಬಾಚಲು ಕೈ ಮೇಲೆ ಏಳುತ್ತಿರಲಿಲ್ಲ. ಆದರೂ ಹರಿದ ನೂಲಿಗೆ ಗಂಟು ಹಾಕುತ್ತ ಕೂತಿರುತ್ತಿದ್ದಳು. "ಮಾಮಾ, ಕದರು?" ಎಂದು ನಾನು ಕೇಳಿದರೆ, "ಡೊಂಕ ಕದರ ಕೊಟ್ಟು ಅಕಿ ಕೈ ಇನ್ನಷ್ಟ ಹಾಳ ಮಾಡ್ಲೇನ?" ಎನ್ನುತ್ತಿದ್ದ. ಪ್ರೀತಿಯೇ ಅದು. ಕೊಟ್ಟರೆ ಅತಿ ಛಲೋದನ್ನೇ ಕೊಡಬೇಕು ಎಂಬ ಹಟದ ಪ್ರೀತಿ.

ಒಂದು ವರ್ಷ ಸಾವಕಾರರು ಊರ ಹೊರಗೆ ದೊಡ್ಡ ಶೆಡ್ ಕಟ್ಟಿಸಿ ಮಗ್ಗಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಕಂಡಿಕಿ ಸುತ್ತಲು ಅಲ್ಲಿ ಮಿಷನ್ನೇ ಬಂದಿತ್ತು. ಅತ್ತಿ ಉಳಿದ ನೂಲು ಮರಳಿಸಿ, ರಾಟಿ ಒರೆಸಿ ಅಟ್ಟಕ್ಕೆ ಹಾಕಿಸಿದಳು.

ಅದೇ ವಾರ ನಾನು ಹೋದಾಗ ಮಾಮಾ ಬಾಗಿಲಲ್ಲೇ ನನ್ನ ಕೈ ಹಿಡಿದ. "ಗಾಡಿ ಕುಂತತಿ! ನೋಡಬಾ, ಗಾಡಿ ಕುಂತತಿ!" ಮೇಜಿನ ಮೇಲೆ ಹೊಚ್ಚಹೊಸ ಕದರು ಇತ್ತು. ನೆಟ್ಟಗೆ, ನುಣ್ಣಗೆ. ಒಂದು ಅಲೆ ಇಲ್ಲ, ಒಂದು ಗೆರೆ ಇಲ್ಲ. ಮುಂಜಾನೆ ಬೋಲ್ಟನ್ನು ಕಾಲು ಸುತ್ತು ತಿರುಗಿಸಿದ್ದೇ ಗುಟ್ಟು ಎಂದು ವಿವರಿಸತೊಡಗಿದ.

ಅತ್ತಿ ಚಹಾ ತಂದು ಲೇಥಿನ ಮೇಜಿನ ಮೇಲಿಟ್ಟಳು. ಲೋಟವನ್ನೇ ನೋಡುತ್ತ ನಿಂತಳು. "ಚಹಾ ಅಲುಗವಲ್ದು ನೋಡ್ರಿ," ಎಂದಳು.

ಮಾಮಾ ನೋಡಿದ. ನಾನೂ ನೋಡಿದೆ. ಲೋಟದಲ್ಲಿ ಒಂದು ಅಲೆಯೂ ಇರಲಿಲ್ಲ. ಪಕ್ಕದ ಗೋಡೆಯಾಚೆ ಮಗ್ಗಗಳು ಬಡಿಯುತ್ತಿದ್ದಾಗ ಈ ಮನೆಯ ನೆಲ, ಮೇಜು, ಲೋಟದ ಚಹಾ ಎಲ್ಲವೂ ನಡುಗುತ್ತಿದ್ದವು. ವರ್ಷಾನುಗಟ್ಟಲೆ ಆ ನಡುಕದಲ್ಲೇ ಬದುಕಿದವರಿಗೆ ಅದು ಗೊತ್ತಾಗುವುದಾದರೂ ಹೇಗೆ? ಕರೆಂಟು ಹೋದರೆ ಮಗ್ಗದ ಜೊತೆ ಲೇಥೂ ನಿಲ್ಲುತ್ತಿತ್ತು. ಅಮಾವಾಸ್ಯೆಗೆ ಮಗ್ಗಕ್ಕೆ ಸೂಟಿ ಕೊಟ್ಟಂತೆ ಮಾಮಾ ಲೇಥಿಗೂ ಕುಂಕುಮ ಹಚ್ಚಿ ಸೂಟಿ ಕೊಡುತ್ತಿದ್ದ. ರಾತ್ರಿ ಮಗ್ಗ ನಿಂತ ಮೇಲೆ ಲೇಥು ಹಚ್ಚಿದರೆ ಓಣಿಯವರು ಬಿಡುತ್ತಿದ್ದರೇ? ಮಗ್ಗ ಸುಮ್ಮನಿದ್ದು ಲೇಥು ತಿರುಗಿದ್ದು ಆ ವಾರವೇ ಮೊದಲು. ಸಲಾಕೆಯ ಮೇಲೆ ಏಳುತ್ತಿದ್ದ ಅಲೆ ಗಾಡಿಯದಲ್ಲ, ಮಗ್ಗದ್ದು.

ಮಾಮಾ ಕುರ್ಚಿಯಲ್ಲಿ ಕುಸಿದ. ಅತ್ತಿ ಸಮಾಧಾನ ಹೇಳಿದಳು: "ಹೋಗ್ಲಿ ಬಿಡ್ರಿ, ನಿಮ್ಮ ಗಾಡಿ ಮೊದಲಿಂದ ಛಲೋನ ಇತ್ತು." ಇದಕ್ಕಿಂತ ಕ್ರೂರವಾದ ಸಮಾಧಾನವನ್ನು ನಾನು ಈವರೆಗೆ ಕೇಳಿಲ್ಲ. ಪಾಪ, ಆಕೆ ಹೇಳಿದ್ದು ಅಂತಃಕರಣದಿಂದಲೇ.

ಆಮೇಲೆ ಆಕೆಯೇ ನನ್ನ ಕೈಯಿಂದ ರಾಟಿಯನ್ನು ಅಟ್ಟದಿಂದ ಕೆಳಗೆ ತರಿಸಿದಳು. ಹೊಸ ಕದರು ಹಾಕಿ, ಖಾಲಿ ಕಂಡಿಕಿ ಏರಿಸಿದಳು. ಮನೆಯಲ್ಲಿ ಒಂದೆಳೆ ನೂಲಿರಲಿಲ್ಲ. ಬ್ಲೌಸು ಹೊಲಿಯುವ ದಾರದ ರೀಲನ್ನೇ ತಂದಳು. ಎಂದೂ ರಾಟಿಯ ಹತ್ತಿರ ಕೂರದ ಮಾಮಾ ನೆಲಕ್ಕೆ ಕೂತು ರೀಲು ಹಿಡಿದ. ನೋಯುವ ಕೈಯಿಂದ ಅತ್ತಿ ಮೆಲ್ಲಗೆ ತಿರುಗಿಸಿದಳು. ಕದರು ಒಂದಿಷ್ಟೂ ಕುಣಿಯಲಿಲ್ಲ, ದಾರ ಒಮ್ಮೆಯೂ ಹರಿಯಲಿಲ್ಲ.

ಕಂಡಿಕಿ ತುಂಬಿದಾಗ ಅತ್ತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನಕ್ಕಳು. "ಎಷ್ಟ ಛಂದ ಆತ್ರಿ! ಈಗ ಇದನ್ನ ಯಾರಿಗಿ ಕೊಡೂದು?"

ಮಾಮಾ ಅದನ್ನು ಆಕೆಯ ಅಂಗೈಯಿಂದ ತೆಗೆದುಕೊಂಡ. ಕಂಡಿಕಿಯ ದಾರವನ್ನು ಮತ್ತೆ ರೀಲಿಗೆ ಸುತ್ತತೊಡಗಿದ. ಕೊನೆಯ ಎಳೆ ಬಿಚ್ಚಿದ ಮೇಲೆ ಖಾಲಿ ಕಂಡಿಕಿಯನ್ನು ಆಕೆಯ ಕೈಗಿಟ್ಟು, "ಇನ್ನೊಮ್ಮೆ ಸುತ್ತ," ಎಂದ.